ಎರಡು ಬೈಕ್, ಒಂದೇ ಹಾಡು: ಹೆಲ್ಮೆಟ್ ಹೆಡ್‌ಸೆಟ್‌ನಲ್ಲಿ ಹಾಡು ಹಂಚಿಕೊಳ್ಳೋದು ಹೇಗೆ

ತಂಗಿ ಅವಳ ಬೈಕಲ್ಲಿ, ನಾನು ನನ್ನ ಬೈಕಲ್ಲಿ. ಬೆಂಗಳೂರು ಬಿಟ್ಟು ಕುಣಿಗಲ್ ದಾಟುವವರೆಗೂ ಹೆಲ್ಮೆಟ್ ಒಳಗಿನ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮಾತೋ ಮಾತು. ಆಮೇಲೆ ಇಬ್ಬರಿಗೂ ಹಾಡು ಬೇಕು, ಅದೂ ಒಂದೇ ಹಾಡು. ನನಗೆ ಕೇಳುತ್ತಿರೋ ಪಲ್ಲವಿನೇ ಹಿಂದೆ ಬರುತ್ತಿರೋ ಅವಳ ಕಿವಿಗೂ ಬೀಳುತ್ತಿದೆ ಅಂತ ಗೊತ್ತಿದ್ದರೆ ಸಿಗೋ ಖುಷಿಯೇ ಬೇರೆ. ಇದನ್ನು ಮಾಡೋದು ಕಷ್ಟ ಏನಲ್ಲ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ತಪ್ಪಿದರೆ ರಸ್ತೆ ಬದಿಯಲ್ಲಿ ಅರ್ಧ ಗಂಟೆ ಗುಂಡಿ ಒತ್ತುತ್ತಾ ನಿಲ್ಲಬೇಕಾಗುತ್ತೆ.

ಮೊದಲು ತಿಳಿಯಬೇಕಾದ್ದು ಹಾಡು ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದು. ನನ್ನ ಫೋನಿಂದ ನನ್ನ ಹೆಡ್‌ಸೆಟ್‌ಗೆ ಬರುತ್ತೆ, ಅಲ್ಲಿಂದ ಇಂಟರ್‌ಕಾಮ್ (ಎರಡು ಹೆಡ್‌ಸೆಟ್ ಒಂದಕ್ಕೊಂದು ನೇರವಾಗಿ ಮಾತಾಡುವ ಸಂಪರ್ಕ) ಮೂಲಕ ತಂಗಿಯ ಹೆಡ್‌ಸೆಟ್‌ಗೆ ಹೋಗುತ್ತೆ. ಅಷ್ಟೇ. ಈ ಕೆಲಸದಲ್ಲಿ ಅವಳ ಫೋನಿಗೆ ಪಾತ್ರವೇ ಇಲ್ಲ. ತುಂಬಾ ಜನ ಒಂದೇ ಫೋನನ್ನು ಎರಡೂ ಹೆಡ್‌ಸೆಟ್‌ಗೆ ಜೋಡಿಸೋಕೆ ಹೋಗುತ್ತಾರೆ, ಒಂದು ಸಿಕ್ಕಿದರೆ ಇನ್ನೊಂದು ಬಿಡುತ್ತೆ, ಕೊನೆಗೆ ಸಾಕಾಗಿ ಕೈಬಿಡುತ್ತಾರೆ.

ಇನ್ನೂ ಕೊಂಡಿಲ್ಲ ಅಂದ್ರೆ ಇಬ್ಬರೂ ಒಂದೇ ಕಂಪನಿಯದ್ದು ತಗೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಹತ್ತಿರ ಮೊದಲು ಬೇರೆ ಬೇರೆ ಕಂಪನಿಯ ಹೆಡ್‌ಸೆಟ್ ಇದ್ದವು. ಎರಡನ್ನೂ ಯೂನಿವರ್ಸಲ್ ಪೇರಿಂಗ್, ಅಂದ್ರೆ ಬೇರೆ ಕಂಪನಿಯದ್ದನ್ನೂ ಕೂಡಿಸುವ ವಿಧಾನದಲ್ಲಿ ಜೋಡಿಸಿದೆವು, ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು, ಹಾಡು ಮಾತ್ರ ಏನು ಮಾಡಿದರೂ ಆ ಕಡೆ ಹೋಗಲಿಲ್ಲ. ಆಮೇಲೆ ಗೊತ್ತಾಯ್ತು, ಈ ಪೇರಿಂಗ್‌ನಲ್ಲಿ ಒಂದು ಹೆಡ್‌ಸೆಟ್ ಇನ್ನೊಂದನ್ನು ಫೋನ್ ಅಂದುಕೊಂಡು ಕರೆ ಮಾಡುವ ದಾರಿಯಲ್ಲೇ ಮಾತಾಡುತ್ತೆ. ಆ ದಾರಿ ಮಾತಿಗೆ ಸಾಕು. ಹಾಡು ಹಂಚಿಕೊಳ್ಳೋದು ಸಾಮಾನ್ಯವಾಗಿ ಒಂದೇ ಕಂಪನಿಯ ಹೆಡ್‌ಸೆಟ್‌ಗಳ ನಡುವೆ ಮಾತ್ರ ಆಗುತ್ತೆ.

ಈಗ ಜೋಡಿಸೋದು. ಇದನ್ನು ಹಿಂದಿನ ರಾತ್ರಿ ಮನೆಯಲ್ಲಿ, ಹೆಲ್ಮೆಟ್ ಮೇಜಿನ ಮೇಲಿಟ್ಟುಕೊಂಡು ಮಾಡಿ. ಸೆನಾ ಕಂಪನಿಯ ಎಸ್‌ಎಂಎಚ್‌10 ತರದ ಜಾಗ್ ಡಯಲ್ (ತಿರುಗಿಸೋಕೂ ಒತ್ತೋಕೂ ಬರುವ ಗುಂಡಿ) ಇರುವ ಹೆಡ್‌ಸೆಟ್ ಆದರೆ, ಹೆಡ್‌ಸೆಟ್ ಮೇಲಿನ ಫೋನ್ ಗುಂಡಿಯನ್ನು 5 ಸೆಕೆಂಡ್ ಒತ್ತಿ ಹಿಡಿದು ನಿಮ್ಮ ಫೋನನ್ನು ನಿಮ್ಮ ಹೆಡ್‌ಸೆಟ್‌ಗೆ ಜೋಡಿಸಿ. ಒಂದು ಹಾಡು ಹಾಕಿ, ಸ್ಪೀಕರ್‌ನಲ್ಲಿ ಬರುತ್ತಿದೆಯಾ ನೋಡಿ, ನಿಲ್ಲಿಸಿ. ಆಮೇಲೆ ಎರಡೂ ಹೆಡ್‌ಸೆಟ್‌ನ ಡಯಲ್ ಅನ್ನು 5 ಸೆಕೆಂಡ್ ಒತ್ತಿ ಹಿಡಿಯಿರಿ, ಕೆಂಪು ದೀಪ ಮಿನುಗೋಕೆ ಶುರುವಾಗುತ್ತೆ. ಯಾವುದಾದರೂ ಒಂದರ ಡಯಲ್ ಒಮ್ಮೆ ತಟ್ಟಿ ಕಾಯಿರಿ, ಎರಡರಲ್ಲೂ ನೀಲಿ ದೀಪ ಬಂದರೆ ಜೋಡಿ ಕೂಡಿದ ಹಾಗೆ.

ಇನ್ನು ಹಾಡು. ಡಯಲ್ ತಟ್ಟಿ ಇಂಟರ್‌ಕಾಮ್ ಶುರು ಮಾಡಿ, 'ಕೇಳಿಸ್ತಿದೆಯಾ?' ಅಂತ ಕೇಳಿ. ಅವರು ಹೂಂ ಅಂದಮೇಲೆ ಡಯಲ್ ಅನ್ನು 1 ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ಸಲ ಬೀಪ್ ಅಂದು ಇಬ್ಬರಿಗೂ ಹಾಡು ಶುರುವಾಗುತ್ತೆ. ನಿಲ್ಲಿಸೋದಕ್ಕೂ ಅದೇ 1 ಸೆಕೆಂಡ್. ಮುಂದಿನ ಹಾಡಿಗೆ ಡಯಲ್ ಒತ್ತಿಕೊಂಡೇ ತಿರುಗಿಸಬೇಕು, ಅದನ್ನು ಇಬ್ಬರಲ್ಲಿ ಯಾರು ಬೇಕಾದರೂ ಮಾಡಬಹುದು. ತಟ್ಟೋದಕ್ಕೂ ಒತ್ತಿ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಬರಿಗೈಯಲ್ಲಿ ಸುಲಭ. ಮಳೆಗೆ ನೆಂದ ದಪ್ಪ ಗ್ಲೌಸ್‌ನಲ್ಲಿ ಡಯಲ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ, ಹೆಬ್ಬೆರಳಿಂದ ಹೆಲ್ಮೆಟ್ ಅಂಚು ಹಿಡಿದು ತೋರುಬೆರಳಲ್ಲಿ ಹುಡುಕಬೇಕು. ಹಾಗಾಗಿ ಗ್ಲೌಸ್ ಹಾಕಿಕೊಂಡು ಮನೆಯಲ್ಲೇ ಹತ್ತು ಸಲ ಮಾಡಿ ನೋಡಿ.

ಕಾರ್ಡೋ ಕಂಪನಿಯ ಹೆಡ್‌ಸೆಟ್‌ನಲ್ಲೂ ಇದೇ ಲೆಕ್ಕ: ಮೊದಲು ಇಬ್ಬರ ಇಂಟರ್‌ಕಾಮ್, ಆಮೇಲೆ ಹಂಚಿಕೆ. ಬಾಯಿಮಾತಿಗೆ ಓಗೊಡುವ ಮಾಡೆಲ್ ಆದರೆ 'ಹೇ ಕಾರ್ಡೋ, ಶೇರ್ ಮ್ಯೂಸಿಕ್' ಅಂದರೆ ಆಯ್ತು, ಕೈ ಹ್ಯಾಂಡಲ್ ಮೇಲೇ ಇರುತ್ತೆ. ಗುಂಪಿನಲ್ಲಿ ಎಷ್ಟೇ ಜನ ಇದ್ದರೂ ಹಾಡು ಹೋಗೋದು ಒಬ್ಬರಿಗೆ ಮಾತ್ರ.

ಮಧ್ಯದಲ್ಲಿ ಹಾಡು ನಿಂತರೆ ಕೆಟ್ಟುಹೋಯ್ತು ಅಂತ ಗಾಬರಿಯಾಗಬೇಡಿ. ಫೋನ್ ಕರೆ ಬಂದರೆ, ಮ್ಯಾಪ್ ದಾರಿ ಹೇಳಿದರೆ ನಿಲ್ಲುತ್ತೆ. ಮೂರನೆಯವರು ಇಂಟರ್‌ಕಾಮ್‌ಗೆ ಸೇರಿಕೊಂಡರೆ ಹಂಚಿಕೆ ಮುಗಿದೇ ಹೋಗುತ್ತೆ. ದೂರವೂ ಅಷ್ಟೇ. ಡಬ್ಬದ ಮೇಲೆ 900 ಮೀಟರ್ ಅಂತ ಇದ್ದರೆ ಅದು ಬಟಾಬಯಲಿನ ಲೆಕ್ಕ, ನಡುವೆ ಒಂದು ಲಾರಿಯೋ ಗುಡ್ಡದ ತಿರುವೋ ಬಂದರೆ ಅದರ ಕಾಲು ಭಾಗಕ್ಕೇ ತುಂಡಾಗುತ್ತೆ. ಇನ್ನೊಂದು, ಹಾಡುಗಳನ್ನು ಫೋನಿಗೆ ಇಳಿಸಿಕೊಂಡೇ ಹೊರಡಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ನೆಟ್‌ವರ್ಕ್ ನಂಬಿಕೊಂಡು ಆಗಲ್ಲ.

ಸೌಂಡ್ ಕಡಿಮೆ ಅನ್ನಿಸಿದರೆ ಜಾಸ್ತಿ ಮಾಡೋ ಮುಂಚೆ ಸ್ಪೀಕರ್ ಜಾಗ ನೋಡಿ. ಹೆಲ್ಮೆಟ್ ಹಾಕಿಕೊಂಡು ಎರಡೂ ಕಡೆ ಹೊರಗಿಂದ ಅಂಗೈಯಲ್ಲಿ ಒತ್ತಿ. ಒತ್ತಿದಾಗ ಹಾಡು ತುಂಬಿ ಬಂದರೆ ಸ್ಪೀಕರ್ ಕಿವಿಯಿಂದ ದೂರ ಇದೆ ಅಂತ, ಹಿಂದೆ ಒಂದು ಚೂರು ಫೋಮ್ ಇಡಿ. ಒಂದು ಬೆರಳಗಲ ಆಚೀಚೆ ಆದರೂ ಅರ್ಧ ಹಾಡು ಗಾಳಿಗೆ ಹೋಗುತ್ತೆ. ಹಿಂದಿನ ಬಸ್ಸಿನ ಹಾರ್ನ್ ಕೇಳದಷ್ಟು ಜೋರು ಮಾತ್ರ ಬೇಡ, ದಯವಿಟ್ಟು.

ಹೆಡ್‌ಸೆಟ್‌ನಲ್ಲಿ ಈ ಸೌಲಭ್ಯವೇ ಇಲ್ಲ ಅನ್ನುವವರಿಗೂ ದಾರಿ ಇದೆ. ಹಿಂದೆ ಕೂತವರ ಜೊತೆಗಾದರೆ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನ್‌ಗಳಲ್ಲಿ ಒಂದೇ ಫೋನಿಂದ ಎರಡು ಬ್ಲೂಟೂತ್ ಹೆಡ್‌ಸೆಟ್‌ಗೆ ಹಾಡು ಕಳಿಸುವ ಡ್ಯುಯಲ್ ಆಡಿಯೋ ಇದೆ. ಬೇರೆ ಬೇರೆ ಬೈಕ್ ಆದರೆ ಸ್ಪಾಟಿಫೈ ಜಾಮ್, ಅವರವರ ಫೋನಲ್ಲೇ ಒಂದೇ ಹಾಡನ್ನು ಒಟ್ಟಿಗೆ ಕೇಳುವ ಸೌಲಭ್ಯ; ಇಬ್ಬರ ಫೋನಲ್ಲೂ ನೆಟ್ ಇರಬೇಕು, ಇಬ್ಬರಿಗೂ ಪ್ರೀಮಿಯಂ ಖಾತೆಯೂ ಬೇಕು. ಅದೂ ಇಲ್ಲ ಅಂದ್ರೆ ಒಂದೇ ಪಟ್ಟಿ ಇಬ್ಬರೂ ಇಳಿಸಿಕೊಂಡು, ಟೀ ಅಂಗಡಿ ಮುಂದೆ ಒಂದು ಎರಡು ಮೂರು ಅಂತ ಒಟ್ಟಿಗೆ ಒತ್ತಿ. ಚೂರು ಹಿಂದೆ ಮುಂದೆ ಆದರೂ ಗೊತ್ತಾಗಲ್ಲ ಅಲ್ವಾ.

ನಮ್ಮ ಹೆಡ್‌ಸೆಟ್‌ಗಳಲ್ಲಿ ಹಾಡು ಓಡುತ್ತಿರುವಾಗ ಮಾತು ಹೋಗಲ್ಲ. ಅದಕ್ಕೇ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋ ಮುಂಚೆ ನಾನು ಡಯಲ್ ಒತ್ತಿ ಹಾಡು ನಿಲ್ಲಿಸುತ್ತೇನೆ. ಅಲ್ಲಿಂದ ಕೆಳಗೆ ತಂಗಿ ಮುಂದೆ, ನಾನು ಹಿಂದೆ. ಪ್ರತಿ ತಿರುವಲ್ಲೂ ಅವಳ ದನಿ ಬರುತ್ತೆ: 'ಅಣ್ಣ, ಬಸ್ ಬರ್ತಿದೆ, ಎಡಕ್ಕಿರು.'