ಹಡಗಿನಲ್ಲಿ ಹಕ್ಕಿ ಎಣಿಸುವ ಕೆಲಸ

ಮನೆ ಗೋವಾದ ವಾಸ್ಕೋದಲ್ಲಿ. ಕೆಲಸ ಮೊರ್ಮುಗಾಂವ್ ಬಂದರಿನಿಂದ ಹೊರಡುವ ಸಂಶೋಧನಾ ಹಡಗಿನಲ್ಲಿ. ಜೊತೆಯವರು ನೀರಿನ ಉಪ್ಪು, ಬಿಸಿ ಅಳೆಯುತ್ತಾರೆ, ನಾನು ಹಕ್ಕಿ ಎಣಿಸುತ್ತೇನೆ. "ನಡು ಸಮುದ್ರದಾಗ ಎಂಥಾ ಹಕ್ಕಿರೀ?" ಅಂತ ಬೈನಾದ ಕಡೆ ಇರುವ ನಮ್ಮ ಕನ್ನಡದವರು ಕೇಳುತ್ತಲೇ ಇರುತ್ತಾರೆ. ಬೇಕಾದಷ್ಟಿವೆ. ಶಿಯರ್‌ವಾಟರ್, ಪೆಟ್ರೆಲ್, ಬೂಬಿ, ರೀವ. ಮರಿ ಮಾಡೋಕೆ ಬಿಟ್ಟರೆ ನೆಲದ ಹಂಗೇ ಬೇಡದ ಹಕ್ಕಿಗಳೂ ಇದರಲ್ಲಿವೆ.

ಎಣಿಸೋದು ಹಡಗಿನ ಒಂದೇ ಬದಿಯಲ್ಲಿ, 300 ಮೀಟರ್ ಅಗಲದ ಪಟ್ಟಿಯೊಳಗೆ. ಆ ಗೆರೆ ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಒಂದು ಪೆನ್ಸಿಲ್ ಸಾಕು. ನನ್ನ ಕಣ್ಣು ನೀರಿನಿಂದ 12 ಮೀಟರ್ ಎತ್ತರದಲ್ಲಿರುತ್ತದೆ. ಕೈ ಚಾಚಿ ಪೆನ್ಸಿಲನ್ನು ಕಣ್ಣಿಂದ 60 ಸೆಂ.ಮೀ. ದೂರ ಹಿಡಿದು, ತುದಿಯನ್ನು ದಿಗಂತಕ್ಕೆ ತಾಗಿಸುತ್ತೇನೆ. ತುದಿಯಿಂದ 2.3 ಸೆಂ.ಮೀ. ಕೆಳಗೆ ಗೀರಿದ ಗುರುತಿನ ನೇರಕ್ಕೆ ಕಾಣುವ ನೀರೇ 300 ಮೀಟರ್ ದೂರದ ಗೆರೆ. ಹಾರುವ ಹಕ್ಕಿಗಳನ್ನು ಕಂಡಾಗೆಲ್ಲ ಬರೆದರೆ ಲೆಕ್ಕ ಸುಮ್ನೆ ಉಬ್ಬುತ್ತದೆ. ಗಡಿಯಾರ ನೋಡಿ, ಗೊತ್ತುಮಾಡಿದ ಹೊತ್ತು ಬಂದಾಗಲೆಲ್ಲ ಆ ಕ್ಷಣಕ್ಕೆ ಪಟ್ಟಿಯಲ್ಲಿ ಇರುವಷ್ಟನ್ನೇ ಬರೆಯಬೇಕು. ಹಡಗಿನ ಹಿಂದೆಯೇ ಸುತ್ತುವ ಹಕ್ಕಿಯನ್ನು ಮತ್ತೆ ಮತ್ತೆ ಸೇರಿಸಬಾರದು. ಏನೂ ಕಾಣದಿದ್ದರೆ ಸೊನ್ನೆ ಬರೆಯಬೇಕು. ಹೊಸಬರು ಸೊನ್ನೆ ಬರೆಯೋಕೆ ಹಿಂಜರಿಯುತ್ತಾರೆ. ಆದರೆ ಹಕ್ಕಿ ಎಲ್ಲಿಲ್ಲ ಅನ್ನೋದು ಗೊತ್ತಿದ್ದರೆ ತಾನೇ ಎಲ್ಲಿದೆ ಅನ್ನೋದಕ್ಕೆ ಬೆಲೆ?

ಒಂದು ಸೆಪ್ಟೆಂಬರ್ ರಾತ್ರಿ ಅಂಕೋಲಾದ ಹುಡುಗನೊಬ್ಬ ಬಾಗಿಲು ಬಡಿದ. "ಅಣ್ಣಾ, ಡೆಕ್ಕಿನ ಮೇಲೆ ಎಂತದೋ ಹಕ್ಕಿ ಬಿದ್ದಿದೆ, ಬನ್ನಿ." ದೀಪದ ಬೆಳಕಿಗೆ ಮರುಳಾಗಿ ಬಂದಿದ್ದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಅಂಟಾರ್ಕ್ಟಿಕಾದ ಕಡೆ ಮರಿ ಮಾಡಿ, ನಮ್ಮ ಮಳೆಗಾಲದಲ್ಲಿ ಅರಬ್ಬೀ ಸಮುದ್ರಕ್ಕೆ ಬರುವ ಹಕ್ಕಿ. ದೂರದಿಂದ ಎಷ್ಟೋ ಸಲ ಎಣಿಸಿದ್ದೆ. ಅಂಗೈಯಲ್ಲಿ ಹಿಡಿದದ್ದು ಅದೇ ಮೊದಲು. ತೂಕ 36 ಗ್ರಾಂ. ಮಸಿಯಂಥ ಮೈ, ಬಿಳಿ ಸೊಂಟ. ಕೊಕ್ಕಿನ ಮೇಲೆ ಪುಟ್ಟ ಕೊಳವೆಯಂಥ ಮೂಗು. ಕುಡಿದ ಸಮುದ್ರದ ನೀರಿನ ಹೆಚ್ಚಿನ ಉಪ್ಪು ಹೊರಗೆ ಹೋಗೋದು ಅಲ್ಲಿಂದಲೇ. ಕಪ್ಪು ಕಾಲಿನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದೆ. ನಡುವಿನ ಪೊರೆ ಹಳದಿ! ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಾಗ ಕೈ ನಡುಗಿತು.

ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಕತ್ತಲಲ್ಲಿಟ್ಟೆ. ಗಾಬರಿ ಇಳಿಯೋಕೆ ಕತ್ತಲೇ ಮದ್ದು. ನೀರು, ಮೀನು ಅಂತ ಬಾಯಿಗೆ ತುರುಕಬಾರದು. ಎರಡು ಗಂಟೆ ಕಳೆದ ಮೇಲೆ ಸೆಕೆಂಡ್ ಆಫೀಸರ್‌ಗೆ ಹೇಳಿ ಹಿಂದಿನ ಡೆಕ್ಕಿನ ದೀಪ ಆರಿಸಿಸಿದೆ. ಕೈ ಬಿಚ್ಚಿದೆ. ಒಂದು ಗಳಿಗೆ ಕೂತೇ ಇತ್ತು. ಆಮೇಲೆ ಅಂಗೈ ಹಗುರಾಯಿತು, ಅಷ್ಟೇ.

"ಲೆಕ್ಕಕ್ಕೆ ಬರಕೊಂಡ್ರಾ ಅಣ್ಣಾ?" ಅಂದ ಹುಡುಗ. ಇಲ್ಲ. ಅದು ಪಟ್ಟಿಯೊಳಗೆ ಕಂಡದ್ದಲ್ಲ, ನಮ್ಮ ದೀಪಕ್ಕೆ ಬಂದದ್ದು. ಬೇರೆ ಹಾಳೆಯಲ್ಲಿ ಬರೆದೆ. ಬೆಳಿಗ್ಗೆ ಆರೂವರೆಗೆ ಮೇಲೆ ಹತ್ತಿ ಪೆನ್ಸಿಲ್ ಹಿಡಿದೆ. ಮೊದಲ ಹತ್ತು ನಿಮಿಷ ಸೊನ್ನೆ.