ವೆಝೇರ್ ಕಣಿವೆ: ಮೊದಲು ಗುಹೆ, ಆಮೇಲೆ ಕೋಟೆ (ನನ್ನ ಅನುಭವ)

ಫ್ರಾನ್ಸಿನ ನೈಋತ್ಯಕ್ಕೆ ದೊರ್ದೋನ್ ಎಂಬ ಜಿಲ್ಲೆಯಿದೆ. ಅಲ್ಲಿನ ವೆಝೇರ್ ನದಿಯ ದಂಡೆಯಲ್ಲಿ, ಸುಣ್ಣಕಲ್ಲಿನ ಬಂಡೆಗೆ ಬೆನ್ನು ಕೊಟ್ಟು ಕೂತಿರುವ ಸಣ್ಣ ಊರು ಲೆ ಝೆಝಿ. 1868ರಲ್ಲಿ ರೈಲು ಹಳಿಯ ಕೆಲಸ ನಡೆಯುವಾಗ ಹಿಮಯುಗದ ಆದಿಮಾನವನ, ಅಂದರೆ ಕ್ರೋ-ಮ್ಯಾಗ್ನನ್ ಮಾನವನ ಅಸ್ಥಿಗಳು ಸಿಕ್ಕಿದ್ದು ಇಲ್ಲೇ. ಆದಿಮಾನವರು ಚಿತ್ರ ಬಿಡಿಸಿದ ಈ ಕಣಿವೆಯ ಗುಹೆಗಳು 1979ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಪ್ಯಾರಿಸ್ ಮುಗಿಸಿ ಮೂರು ನಾಲ್ಕು ದಿನ ಹಳ್ಳಿ ಕಡೆ ಹೋಗಬೇಕು ಅನ್ನುವವರಿಗೆ ನಾನು ಹೇಳುವುದು ಈ ಊರನ್ನೇ.

ಇಲ್ಲಿಯ ಪ್ರವಾಸ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಜನ ಮೊದಲು ವಿಮಾನ, ಹೋಟೆಲ್, ಕಾರು ಎಲ್ಲ ಬುಕ್ ಮಾಡಿ ಕೊನೆಗೆ ಗುಹೆಯ ಟಿಕೆಟ್ ಹುಡುಕುತ್ತಾರೆ. ನಾನು ಮಾಡುವುದು ಇದರ ಉಲ್ಟಾ. ಈ ಊರಿನ ಫೋಂ-ದ-ಗೋಮ್ ಗುಹೆಯ ಟಿಕೆಟ್ ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಮೊದಲು ನೋಡಿ, ಅದನ್ನು ಕಾಯ್ದಿರಿಸಿ, ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸುವುದು. ಬಹುವರ್ಣದ ಆದಿಮ ಚಿತ್ರಗಳನ್ನು ನಕಲಲ್ಲ, ಮೂಲದಲ್ಲೇ ಸಾರ್ವಜನಿಕರು ನೋಡಬಹುದಾದ ಗುಹೆ ಫ್ರಾನ್ಸಿನಲ್ಲಿ ಇದೊಂದೇ ಉಳಿದಿದೆ. ಒಮ್ಮೆಗೆ ಹತ್ತು ಹನ್ನೆರಡು ಜನರನ್ನಷ್ಟೇ ಒಳಗೆ ಬಿಡುತ್ತಾರೆ, ದಿನಕ್ಕೆ ಗುಂಪುಗಳೂ ಕೆಲವೇ. ಜುಲೈ, ಆಗಸ್ಟ್ ಟಿಕೆಟ್‌ಗಳು ಬೇಗ ಮುಗಿಯುತ್ತವೆ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಹಿಡಿದರೆ ಟಿಕೆಟ್ಟೂ ಸಿಗುತ್ತದೆ, ಬಿಸಿಲೂ ಹಿತವಾಗಿರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವುದಕ್ಕೆ ಇದೇ ಕಣಿವೆಯ ಲಾಸ್ಕೋ ಗುಹೆ ಉತ್ತರ. 1940ರ ಸೆಪ್ಟೆಂಬರ್‌ನಲ್ಲಿ ಹುಡುಗರ ಕಣ್ಣಿಗೆ ಬಿದ್ದ ಆ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ನೋಡುಗರ ಉಸಿರಿನ ಇಂಗಾಲದ ಡೈಆಕ್ಸೈಡ್, ತೇವ, ಮೈಬಿಸಿ ಮತ್ತು ದೀಪಗಳ ಬೆಳಕು ಸೇರಿ ಗೋಡೆಯ ಮೇಲೆ ಹಸಿರು ಪಾಚಿ ಬೆಳೆಯಿತು, ಬಿಳಿ ಕ್ಯಾಲ್ಸೈಟ್ ಪದರ ಕಟ್ಟತೊಡಗಿತು. 1963ರಲ್ಲಿ ಬಾಗಿಲು ಹಾಕಿದವರು ಮತ್ತೆ ತೆರೆಯಲಿಲ್ಲ. ಈಗ ಮೊಂಟಿನ್ಯಾಕ್ ಊರಿನಲ್ಲಿ ನೋಡುವುದು ನಕಲು: 1983ರ ಲಾಸ್ಕೋ 2, ಮತ್ತೆ 2016ರ ಡಿಸೆಂಬರ್‌ನಲ್ಲಿ ತೆರೆದ ಲಾಸ್ಕೋ 4. ನಕಲೆಂದು ತಾತ್ಸಾರ ಬೇಡ. ಐದು ಮೀಟರಿಗೂ ಉದ್ದದ ಗೂಳಿ ತಲೆಯ ಮೇಲೆ ಓಡುವುದನ್ನು ಬೇರೆಲ್ಲೂ ಕಾಣಲಾರಿರಿ. ಆದರೆ ಮೊದಲು ಫೋಂ-ದ-ಗೋಮ್ ನೋಡಿ, ಮರುದಿನ ಲಾಸ್ಕೋಗೆ ಹೋಗಿ. ಅಸಲಿಯಲ್ಲಿ ಬಂಡೆಯ ಉಬ್ಬುತಗ್ಗನ್ನು ಹೇಗೆ ಬಳಸಿದ್ದಾರೆಂದು ಕಣ್ಣಿಗೆ ರೂಢಿಯಾದ ಮೇಲೆ ನಕಲಿನಲ್ಲೂ ಅದು ಕಾಣತೊಡಗುತ್ತದೆ. ಲಾಸ್ಕೋ 4ರಲ್ಲಿ ಇಂಗ್ಲಿಷ್ ವಿವರಣೆಯ ಸಮಯಗಳು ಫ್ರೆಂಚ್‌ಗಿಂತ ಕಡಿಮೆ, ಬುಕ್ ಮಾಡುವಾಗ ಭಾಷೆ ಸರಿಯಾಗಿ ಆರಿಸಿ.

ಫೋಂ-ದ-ಗೋಮ್‌ಗೆ ಕೊಟ್ಟ ಸಮಯಕ್ಕಿಂತ ಅರ್ಧ ಗಂಟೆ ಮೊದಲು ಟಿಕೆಟ್ ಕೌಂಟರಿನಲ್ಲಿರಿ. ಅಲ್ಲಿಂದ ಗುಹೆಯ ಬಾಯಿಗೆ ಹತ್ತು ನಿಮಿಷದ ಏರು ದಾರಿ, ಮಂಡಿನೋವಿದ್ದವರು ಇನ್ನೂ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ಬ್ಯಾಗ್ ಒಳಗೆ ಬಿಡುವುದಿಲ್ಲ, ಫೋಟೋ ಇಲ್ಲವೇ ಇಲ್ಲ. ಒಳಗೆ ಬೇಸಿಗೆಯಲ್ಲೂ 13 ಡಿಗ್ರಿ ಆಸುಪಾಸು, ಆದ್ದರಿಂದ ತೆಳು ಸ್ವೆಟರ್, ಹಿಡಿತವಿರುವ ಶೂ. ದಾರಿ ಕೆಲವು ಕಡೆ ತೀರಾ ಕಿರಿದು. ಗೋಡೆ ಮುಟ್ಟದಂತೆ ಕೈಗಳನ್ನು ಮೈಗೆ ಹತ್ತಿರ ಇಟ್ಟುಕೊಂಡು ನಡೆಯಬೇಕು, ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ಒಳಹೊಕ್ಕ ಕೂಡಲೇ ಏನೂ ಕಾಣುವುದಿಲ್ಲ. ಗಾಬರಿಯಾಗಬೇಡಿ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಗೈಡ್ ದೀಪವನ್ನು ಓರೆಯಾಗಿ ಹಿಡಿದಾಗ ಬಂಡೆಯ ಉಬ್ಬೇ ಬೈಸನ್ ಎಂಬ ಕಾಡುಗೂಳಿಯ ಬೆನ್ನಾಗುತ್ತದೆ, ಒಂದು ಸೀಳು ಹೊಟ್ಟೆಯ ಗೆರೆಯಾಗುತ್ತದೆ. ಕೆಂಪು ಎಂದರೆ ಕೆಮ್ಮಣ್ಣು, ಕಪ್ಪು ಎಂದರೆ ಮ್ಯಾಂಗನೀಸ್. ಎರಡು ಹಿಮಸಾರಂಗಗಳಿರುವ ಜಾಗದಲ್ಲಿ ಮಾತ್ರ ತಪ್ಪದೆ ಗಮನವಿಟ್ಟು ನಿಲ್ಲಿ. ಬಣ್ಣ ಬಹಳ ಮಾಸಿದೆ, ಆದರೆ ಬೆಳಕು ಪಕ್ಕದಿಂದ ಬಿದ್ದರೆ ಕೊರೆದ ಗೆರೆಗಳು ಏಳುತ್ತವೆ: ಒಂದು ಮಂಡಿಯೂರಿದೆ, ಇನ್ನೊಂದು ಕತ್ತು ಬಗ್ಗಿಸಿ ಅದರ ಹಣೆಯನ್ನು ನೆಕ್ಕುತ್ತಿದೆ. ಗುಂಪಿನಲ್ಲಿ ಹಿಂದೆ ನಿಂತವರಿಗೆ ನಾಲಿಗೆಯ ಗೆರೆ ತಪ್ಪಿಹೋಗುತ್ತದೆ. ಗೈಡ್‌ಗೆ ಹೇಳಿದರೆ ಮತ್ತೊಮ್ಮೆ ತೋರಿಸುತ್ತಾರೆ, ಕೇಳಲು ಸಂಕೋಚ ಬೇಡ.

ಇಲ್ಲಿ ಟಿಕೆಟ್ ಸಿಗದಿದ್ದರೆ ಎರಡು ಕಿಲೋಮೀಟರ್ ಒಳಗೇ ಕೋಂಬರೆಲ್ ಗುಹೆ ಇದೆ. ಅದು ಬಣ್ಣದ್ದಲ್ಲ, ಕೊರೆದ ಚಿತ್ರಗಳದ್ದು. ಗುಂಪು ಇನ್ನೂ ಚಿಕ್ಕದು. ಇಕ್ಕಟ್ಟು ಜಾಗವೆಂದರೆ ಉಸಿರು ಕಟ್ಟುವವರಿಗೆ ಬೇಡ. ಯಾವ ಕೌಂಟರಿನಲ್ಲಿ ಹಾಜರಾಗಬೇಕೆಂದು ಟಿಕೆಟ್ಟಿನಲ್ಲೇ ನೋಡಿಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ, ಪುಟ್ಟ ಮಕ್ಕಳು ಜೊತೆಗಿದ್ದರೆ ರುಫಿನ್ಯಾಕ್ ಗುಹೆಯೇ ಸರಿ. ಅಲ್ಲಿ ವಿದ್ಯುತ್ ಪುಟಾಣಿ ರೈಲು ಒಳಗೆ ಕರೆದೊಯ್ಯುತ್ತದೆ, ಸುಮಾರು ಒಂದು ಗಂಟೆ. ದಾರಿಯಲ್ಲಿ ಗುಹಾಕರಡಿಗಳು ಮಲಗಲು ತೋಡಿದ ಗುಂಡಿಗಳು, ಅವುಗಳ ಉಗುರಿನ ಗೀರುಗಳು, ಕೊನೆಗೆ ಚಾವಣಿ ತುಂಬ ಮ್ಯಾಮತ್ (ಹಿಮಯುಗದ ರೋಮದ ಆನೆ), ಕುದುರೆ, ಕಾಡುಮೇಕೆಯ ಚಿತ್ರಗಳು. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದು ಲೇಸು.

ಒಂದು ದಿನಕ್ಕೆ ಒಂದು ಗುಹೆ ಸಾಕು. ಎರಡನೆಯದಕ್ಕೆ ಕಣ್ಣು ದಣಿದಿರುತ್ತದೆ, ಸಮಯ ತಪ್ಪೀತೆಂಬ ಆತಂಕದಲ್ಲಿ ಗಾಡಿ ಓಡಿಸುವುದೂ ಒಳ್ಳೆಯದಲ್ಲ.

ಇನ್ನು ಕಾರು. ಪ್ಯಾರಿಸ್‌ನಿಂದ ಬೋರ್ಡೋ ನಗರಕ್ಕೆ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ; ಅಲ್ಲಿ ಕಾರು ಹಿಡಿದರೆ ಲೆ ಝೆಝಿಗೆ ಎರಡೂವರೆ ಗಂಟೆ. ಊರಿಗೆ ರೈಲು ನಿಲ್ದಾಣವೇನೋ ಇದೆ, ಆದರೆ ಸುತ್ತಲ ಜಾಗಗಳಿಗೆ ಬಸ್ ನಂಬಿ ಹೊರಡಬೇಡಿ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಎರಡನ್ನೂ ಒಯ್ಯಿರಿ. ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ಗಂಡನ ಕಾರ್ಡ್, ಹೆಂಡತಿಯ ಲೈಸೆನ್ಸ್ ಆದರೆ ಕೌಂಟರಿನಲ್ಲೇ ಕೆಲಸ ಕೆಡುತ್ತದೆ. ಬಲಬದಿಯ ಓಡಾಟಕ್ಕೆ ಹೊಸಬರಾದರೆ ಆಟೊಮ್ಯಾಟಿಕ್ ಗಾಡಿಯನ್ನೇ ಮುಂಚಿತವಾಗಿ ಕೇಳಿ, ಅಲ್ಲಿ ಸಾಮಾನ್ಯವಾಗಿ ಕೊಡುವುದು ಗೇರಿನ ಗಾಡಿ.

ಹಳ್ಳಿ ರಸ್ತೆಯಲ್ಲಿ ಮೂರು ಸಂಗತಿ ನೆನಪಿರಲಿ. ಕೆಂಪು ಅಂಚಿನ ಊರ ಹೆಸರಿನ ಫಲಕ ಕಂಡಲ್ಲಿಂದ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್, ಅದೇ ಹೆಸರಿನ ಮೇಲೆ ಅಡ್ಡಗೆರೆ ಎಳೆದ ಫಲಕದವರೆಗೆ. ಏನೂ ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಓಣಿಯಾಗಿರಲಿ. ಹಳದಿ ವಜ್ರಾಕೃತಿ ಫಲಕವಿದ್ದರೆ ಮೊದಲ ಹಕ್ಕು ನಿಮ್ಮದು. ಮೂರನೆಯದು ಪೆಟ್ರೋಲ್ ಬಂಕ್: ವೃತ್ತದೊಳಗೆ ಇ5 ಅಥವಾ ಇ10 ಎಂದಿದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಎಂದಿದ್ದರೆ ಡೀಸೆಲ್. ಟ್ಯಾಂಕಿನ ಮುಚ್ಚಳದ ಮೇಲೂ ಅದೇ ಗುರುತಿರುತ್ತದೆ, ಎರಡನ್ನೂ ತಾಳೆ ನೋಡಿ. ಭಾನುವಾರ ಬಂಕುಗಳಲ್ಲಿ ಆಳಿರುವುದು ಕಡಿಮೆ, ಯಂತ್ರ ನಮ್ಮ ಕಾರ್ಡನ್ನು ಕೆಲವೊಮ್ಮೆ ಒಪ್ಪುವುದಿಲ್ಲ. ಶನಿವಾರವೇ ತುಂಬಿಸಿ.

ಗುಹೆಯಿಲ್ಲದ ಅರ್ಧ ದಿನಗಳಿಗೆ ದೊರ್ದೋನ್ ನದಿಯ ಕೋಟೆಗಳು. ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಕೋಟೆ ಫ್ರೆಂಚರ ಕಡೆ, ಎದುರು ದಡದ ಕಾಸ್ಟೆಲ್ನೋ ಬಹುಕಾಲ ಇಂಗ್ಲಿಷರ ಕಡೆ. ಒಂದರ ಮೇಲೆ ನಿಂತು ಇನ್ನೊಂದನ್ನು ನೋಡಿದರೆ ನದಿಯೇ ಗಡಿಯಾಗಿದ್ದು ಅರ್ಥವಾಗುತ್ತದೆ. ಕಾಸ್ಟೆಲ್ನೋದಲ್ಲಿ ಕಲ್ಲೆಸೆಯುವ ಭಾರಿ ಯಂತ್ರಗಳಿವೆ, ಮಕ್ಕಳಿಗೆ ಇಷ್ಟ. ನನ್ನ ಮಟ್ಟಿಗೆ ಈ ಕೋಟೆಗಳನ್ನು ನೋಡಲು ನೀರೇ ಒಳ್ಳೆಯ ಜಾಗ. ವಿಟ್ರಾಕ್‌ನಿಂದ ಬೇನಾಕ್‌ವರೆಗೆ ದೋಣಿ ಬಾಡಿಗೆಗೆ ಸಿಗುತ್ತದೆ, ಹದಿನಾರು ಕಿಲೋಮೀಟರ್ ಹತ್ತಿರ, ಹುಟ್ಟು ಹಾಕುತ್ತ ನಾಲ್ಕು ಗಂಟೆ. ನದಿ ತಾನೇ ಒಯ್ಯುತ್ತದೆ. ಮಧ್ಯೆ ಲಾ ರೋಕ್ ಗಜಾಕ್ ಬಳಿ ನಿಲ್ಲಿಸಿ ಬಂಡೆಯಡಿಯ ಮನೆಗಳನ್ನು ನೋಡಬಹುದು. ಮೊಬೈಲು, ಪಾಸ್‌ಪೋರ್ಟು ಅವರು ಕೊಡುವ ನೀರು ಹೊಗದ ಡಬ್ಬಿಗೆ ಹೋಗಲಿ. ಈಜು ಬಾರದವರಿಗೆ ಲಾ ರೋಕ್ ಗಜಾಕ್‌ನಲ್ಲೇ ಗಬಾರ್ ಎಂಬ ಚಪ್ಪಟೆ ತಳದ ದೊಡ್ಡ ದೋಣಿಯಿದೆ, ಒಂದು ಗಂಟೆಯ ಸುತ್ತು.

ಸಾರ್ಲಾ ಪೇಟೆಯ ಸಂತೆ ಬುಧವಾರ ಮತ್ತು ಶನಿವಾರ. ಒಂಬತ್ತಕ್ಕೆ ಮೊದಲು ಹೋಗದಿದ್ದರೆ ಪಾರ್ಕಿಂಗ್ ಸಿಗುವುದು ಕಷ್ಟ.

ಸಸ್ಯಾಹಾರಿಗಳಿಗೆ ಈ ಸೀಮೆ ಸ್ವಲ್ಪ ಬಿಗಿ, ಯಾಕೆಂದರೆ ಇದು ಬಾತುಕೋಳಿಯ ನಾಡು. ಬೆಳ್ಳುಳ್ಳಿ ಹಾಕಿ ಹುರಿದ ಸಾರ್ಲಾದ ಆಲೂಗಡ್ಡೆ ನೋಡಲು ನಮ್ಮ ಪಲ್ಯದಂತಿದ್ದರೂ ಅದನ್ನು ಹುರಿಯುವುದು ಬಾತಿನ ಕೊಬ್ಬಿನಲ್ಲಿ. ‘ತುರೆನ್’ ಎಂಬ ಬೆಳ್ಳುಳ್ಳಿ ಸಾರಿಗೂ ಅದೇ ಕೊಬ್ಬು. ‘ಸಾಂ ವ್ಯಾಂದ್, ಸಾಂ ಗ್ರೆಸ್ ದ ಕನಾರ್’ ಎಂದರೆ ಮಾಂಸ ಬೇಡ, ಬಾತಿನ ಕೊಬ್ಬೂ ಬೇಡ. ಕಾಗದದ ಮೇಲೆ ಬರೆದು ತೋರಿಸಿದರೆ ಇನ್ನೂ ಖಚಿತ. ನಾನು ಅಡುಗೆಮನೆಯಿರುವ ಬಾಡಿಗೆ ಮನೆಯನ್ನೇ ಹಿಡಿಯುತ್ತೇನೆ. ಸಂತೆಯಿಂದ ಅಕ್ರೋಟು, ಅಕ್ರೋಟಿನ ಎಣ್ಣೆ, ಸ್ಟ್ರಾಬೆರಿ, ಟೊಮೆಟೊ, ಬ್ರೆಡ್ ತಂದು, ಅಕ್ಕಿ ಬೇಳೆ ಜೊತೆಗೊಯ್ದರೆ ಊಟದ ಚಿಂತೆಯಿಲ್ಲ. ಹೋಟೆಲಿನಲ್ಲೇ ಉಣ್ಣುವುದಾದರೆ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಕೂರಬೇಕು. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ ಮಧ್ಯಾಹ್ನದಿಂದ ಅಂಗಡಿಗಳೂ ಬಾಗಿಲು ಹಾಕುತ್ತವೆ, ಸೋಮವಾರ ಹಲವು ತೆರೆಯುವುದೇ ಇಲ್ಲ. ಎರಡು ದಿನದ ಹಾಲು ತರಕಾರಿ ಶನಿವಾರದ ಸಂತೆಯಲ್ಲೇ ಕೊಳ್ಳಿ.