ಮೋಲ್ಡ್ ಸೋರುತ್ತಿದೆಯಾ? ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಇಷ್ಟು ಮಾಡಿ

ತುಮಕೂರಿನ ಬಟವಾಡಿ ಹತ್ತಿರ ಕಟ್ಟಿಸಿದ ನಮ್ಮ ಮನೆ ಮೊದಲ ಮಳೆಗಾಲಕ್ಕೇ ಸೋರಿತು. ಅಡುಗೆಮನೆ ಮೂಲೆಯಲ್ಲಿ ಪಾತ್ರೆ ಇಟ್ಟು ಇಟ್ಟು ಸಾಕಾಯಿತು. ಬೇರೆ ಮೇಸ್ತ್ರಿಯನ್ನು ಕರೆಸಿ ಮೇಲೆ ವಾಟರ್‌ಪ್ರೂಫಿಂಗ್, ಕೆಳಗೆ ಪುಟ್ಟಿ, ಬಣ್ಣ ಎಲ್ಲಾ ಮಾಡಿಸಿದೆ. ಆಮೇಲೆ ವಕೀಲರ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಮಾತು: "ಎಲ್ಲಾ ಮುಚ್ಚಿಬಿಟ್ಟಿದ್ದೀರಲ್ಲ, ಈಗ ಏನು ತೋರಿಸೋದು?"

ಹಾಗಾಗಿ ಮೊದಲ ಕೆಲಸ, ರಿಪೇರಿಗೆ ಕೈ ಹಾಕದೆ ಇರುವುದು. ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಬಿರುಕಿನ ಪಕ್ಕ ಟೇಪ್ ಹಿಡಿದು ಫೋಟೊ ತೆಗೆಯಿರಿ. ಕಾಂಕ್ರೀಟ್ ಮೇಲೆ ಅನುಮಾನವಿದ್ದರೆ ರಿಬೌಂಡ್ ಹ್ಯಾಮರ್ ಪರೀಕ್ಷೆ (ಮೇಲ್ಮೈಗೆ ಬಡಿದು ಕಾಂಕ್ರೀಟಿನ ಗಟ್ಟಿತನ ಅಂದಾಜಿಸುವುದು) ಮಾಡಿಸಿ. ವರದಿಯಲ್ಲಿ "ಕಳಪೆ ಕೆಲಸ" ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಸಾಲದ್ದಾ, ಕಂಬಿಗೆ ಕವರ್ (ಅದನ್ನು ಮುಚ್ಚುವ ಕಾಂಕ್ರೀಟ್ ಪದರ) ಬಿಟ್ಟಿಲ್ಲವಾ, ಸರಿಮಾಡಲು ಎಷ್ಟು ಖರ್ಚು, ಇಷ್ಟೂ ಇರಬೇಕು. ತಡೆಯಲು ಆಗದಷ್ಟು ಸೋರುತ್ತಿದ್ದರೆ ವರದಿ ಕೈಗೆ ಬಂದ ಮೇಲೆ ರಿಪೇರಿ ಮಾಡಿಸಿ, ಬಿಲ್ ಇಟ್ಟುಕೊಳ್ಳಿ.

ಎರಡನೆಯದು ಕಾಗದಪತ್ರ. ನಮ್ಮ ಕಡೆ "ಚದರಕ್ಕೆ ಇಷ್ಟು" ಅಂತ ಬಾಯಿಮಾತಲ್ಲೇ ಮಾತುಕತೆ ಮುಗಿಯುತ್ತದೆ, ಅಲ್ವಾ? ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದು ಆಗಿತ್ತು ಅಂತ ತೋರಿಸಬೇಕು, ಅಷ್ಟೇ. ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇ ರಸೀದಿ, ವಾಟ್ಸಾಪ್ ಮಾತು ಎಲ್ಲಾ ಬೇಕು. ಇಲ್ಲೊಂದು ಹೊಸ ನಿಯಮವಿದೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ವಾಟ್ಸಾಪ್ ಪ್ರಿಂಟ್ ಜೊತೆ ಪ್ರಮಾಣಪತ್ರ ಕೊಡಬೇಕು. ಅದರ 'ಎ' ಭಾಗಕ್ಕೆ ನೀವು, 'ಬಿ' ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದಕ್ಷರ ತಿದ್ದಿದರೂ ಬದಲಾಗಿಬಿಡುತ್ತದೆ. ಗ್ರಾಹಕರ ಆಯೋಗದಲ್ಲಿ ಸಿವಿಲ್ ಕೋರ್ಟಿನಷ್ಟು ಬಿಗಿ ಇಲ್ಲ. ಆದರೂ ಕೇಸ್ ಮುಗಿಯುವ ತನಕ ಆ ಮೊಬೈಲನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಆಮೇಲೆ ಗುತ್ತಿಗೆದಾರನಿಗೆ ನೋಟಿಸ್. 15 ದಿನ ಗಡುವು ಕೊಟ್ಟರೆ ಸಾಕು. "ರಿಜಿಸ್ಟರ್ಡ್ ಪೋಸ್ಟ್ ಮಾಡಿ" ಎನ್ನುವುದು ಹಳೇ ಅಭ್ಯಾಸ. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಒಳಗೇ ಸೇರಿಹೋಗಿದೆ. ಕೌಂಟರ್‌ನಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೇಳಿ ಪಡೆಯಿರಿ.

ಎಲ್ಲಿಗೆ ಹೋಗಬೇಕು? ವಾಸದ ಮನೆಯಾದರೆ ಜಿಲ್ಲಾ ಗ್ರಾಹಕರ ಆಯೋಗವೇ ವಾಸಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ನೀವು ಕೊಟ್ಟಿರುವ ಹಣ 50 ಲಕ್ಷ ರೂಪಾಯಿ ಮೀರಿರಬಾರದು. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. ಶುಲ್ಕವೂ ಹಾಗೆಯೇ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, ಅದರಾಚೆ 1000 ರೂಪಾಯಿ. ಗುತ್ತಿಗೆದಾರ ಬೆಂಗಳೂರಿನವನಾದರೂ ನೀವು ತುಮಕೂರಿನಲ್ಲೇ ದೂರು ಕೊಡಬಹುದು. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಆಯೋಗದ ನೋಟಿಸ್ ತಲುಪಿದ ಮೇಲೆ ಎದುರು ಪಾರ್ಟಿ ಉತ್ತರ ಕೊಡಲು 30 ದಿನ, ಜಾಸ್ತಿ ಅಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ.

ಕಾಂಪ್ಲೆಕ್ಸ್, ಗೋಡೌನ್ ಆದರೆ ದಾರಿ ಬೇರೆ. ವ್ಯಾಜ್ಯ 3 ಲಕ್ಷ ಅಥವಾ ಜಾಸ್ತಿಯದಾದರೆ ವಾಣಿಜ್ಯ ದಾವೆ. ತುರ್ತು ಆದೇಶ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹಾಕಿದ ದಾವೆ ನಿಲ್ಲುವುದಿಲ್ಲ.

ಆಯೋಗಕ್ಕೆ ಹೋಗಲು ಇರುವುದು 2 ವರ್ಷ, ಸಿವಿಲ್ ಕೋರ್ಟಿಗೆ ಸಾಮಾನ್ಯವಾಗಿ 3 ವರ್ಷ. ಗುತ್ತಿಗೆದಾರ ತಪ್ಪು ಒಪ್ಪಿಕೊಂಡು ಬರೆದುಕೊಟ್ಟರೆ ಈ ಗಡುವಿನ ಲೆಕ್ಕದಲ್ಲಿ ಅದಕ್ಕೊಂದು ಬೆಲೆ ಇದೆ. ಬಾಯಿಮಾತಿಗೆ ಆ ಬೆಲೆ ಇಲ್ಲ. ನಮ್ಮ ಗುತ್ತಿಗೆದಾರ "ಮಳೆ ನಿಲ್ಲಲಿ ಸಾರ್, ಮಾಡ್ಕೊಡ್ತೀನಿ" ಎನ್ನುತ್ತಲೇ ಒಂದೂವರೆ ವರ್ಷ ಸುಮ್ನೆ ಕಳೆದಿದ್ದ. ಒಂದು ಸಲವೂ ವಾಟ್ಸಾಪ್‌ನಲ್ಲಿ ಹಾಕಲಿಲ್ಲ, ಎಲ್ಲಾ ಫೋನಿನಲ್ಲೇ.